ಎರಡು ಕೊಂಬಿನ ಕಾರ್ಡು

ಬಂಟ್ವಾಳ
9 ನವೆಂಬರ್ 2025

ಮನೀಷ್ ಅವರಿಗೆ,

ಲಕೋಟೆ ನೋಡಿ ಗಾಬರಿ ಬೇಡ. ಸಾತ್ವಿಕಾ ಚೆನ್ನಾಗಿದ್ದಾಳೆ. ಇದು ಅವಳ ವಿಷಯವಲ್ಲ.

ಕೋರ್ಟಿನ ಮಧ್ಯಸ್ಥಿಕೆಯ ಮೇಡಂ ಕೊನೆಯ ದಿನ ಹೇಳಿದ್ದು ನಿಮಗೂ ನೆನಪಿರಬಹುದು. "ವರ್ಷದವರೆಗೆ ಫೋನೂ ಬೇಡ, ವಾಟ್ಸಾಪೂ ಬೇಡ. ನಿಮ್ಮಿಬ್ಬರ ಕೈಗೆ ಮೊಬೈಲ್ ಸಿಕ್ಕಿದ್ರೆ ನನ್ನ ಮೇಜಿಗೆ ಸ್ಕ್ರೀನ್‌ಶಾಟ್ ಬರ್ತದೆ. ಮಗಳದ್ದು, ಮನೆಯದ್ದು ಏನಿದ್ದರೂ ಕಾಗದದಲ್ಲಿ ಬರೆಯಿರಿ. ಬರೆಯುವಾಗ ಕೈ ಸ್ವಲ್ಪ ನಿಧಾನ ಆಗ್ತದೆ." ಜೂನಿನಿಂದ ಇಲ್ಲಿಯವರೆಗೆ ನಾವಿಬ್ಬರೂ ಒಂದು ಸಾಲು ಬರೆದಿಲ್ಲ. ಇದನ್ನು ಮನೆಯ ವಿಷಯ ಎಂದು ಭಾವಿಸಿ ಬರೆಯುತ್ತಿದ್ದೇನೆ.

ಒಳಕೋಣೆಯ ಕಂಪ್ಯೂಟರಿನದ್ದು. ಕಳೆದ ತಿಂಗಳು ಅದರ ವಿಂಡೋಸ್ ಇನ್ನು ಮುಂದೆ ರಕ್ಷಣೆ ಇಲ್ಲ ಎಂದಿತು. ಹೊಸದನ್ನು ಹಾಕಲು ಹೋದರೆ ಈ ಯಂತ್ರಕ್ಕೆ ಅರ್ಹತೆ ಇಲ್ಲ ಎಂದಿತು. ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಉನೈಸ್ ಸರ್ ಹತ್ತಿರ ಸುಮ್ಮನೆ ವಿಚಾರಿಸಿದಂತೆ ವಿಚಾರಿಸಿದೆ. "ಲಿನಕ್ಸ್ ಹಾಕಿ ಮೇಡಂ, ಹಳೇ ಮೆಷಿನಿಗೆ ಅದೇ ಒಳ್ಳೇದು" ಎಂದು ಒಂದು ಪೆನ್‌ಡ್ರೈವ್ ಕೊಟ್ಟರು. ಭಾನುವಾರ ಕುಳಿತು ನಾನೇ ಹಾಕಿದೆ. ಚಿತ್ರ ಬಂತು, ಸದ್ದು ಬಂತು, ಕನ್ನಡ ಅಕ್ಷರವೂ ಸರಿಯಾಗಿ ಮೂಡಿತು. ನೆಟ್ ಮಾತ್ರ ಇಲ್ಲ. ವೈಫೈ ಎಂಬ ಮಾತೇ ಆ ಯಂತ್ರದಲ್ಲಿ ಎಲ್ಲೂ ಕಾಣಿಸುವುದಿಲ್ಲ. ಮನೆ ಮುಂದಿನ ಚಾವಡಿಯಲ್ಲಿರುವ ಇಂಟರ್ನೆಟ್ಟಿನ ಫೈಬರ್ ಪೆಟ್ಟಿಗೆಯಿಂದ ಕಿಟಕಿಯ ಮೂಲಕ ವಯರ್ ಎಳೆದು ಹಿಂದಿನ ತೂತಿಗೆ ಸಿಕ್ಕಿಸಿದೆ. ದೀಪವೂ ಹತ್ತಲಿಲ್ಲ.

ಉನೈಸ್ ಸರ್ ಅವರನ್ನು ಮನೆಗೆ ಕರೆಯಬಹುದಿತ್ತು. ಕರೆಯುವುದಿಲ್ಲ, ಅದಕ್ಕೆ ನನ್ನ ಕಾರಣವಿದೆ. ಯಂತ್ರ ಜೋಡಿಸಿದವರು ನೀವು. ಒಳಗೆ ಏನೇನು ಹಾಕಿದ್ದೀರಿ ಎಂದು ತಿಳಿಸಿದರೆ ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಶಾಲೆಯ ಕೆಲಸಕ್ಕೆ ಬೇಕು. ಜನವರಿ ನಡುವಿನ ಒಳಗೆ ಸರಿಯಾಗಬೇಕು.

ಶಶಿಪ್ರಭಾ

* * *

ಮೂಡುಬಿದಿರೆ
14 ನವೆಂಬರ್ 2025

ಶಶಿಪ್ರಭಾ,

ಪತ್ರ ಬಂತು.

ನೀನು ವಯರ್ ಸಿಕ್ಕಿಸಿದ ತೂತು ಸತ್ತು ಹೋಗಿದೆ. ನಾಲ್ಕು ವರ್ಷದ ಹಿಂದೆ ಏಪ್ರಿಲಿನಲ್ಲಿ ಸಿಡಿಲು ಬಡಿದಾಗ ಹೋದದ್ದು. ಆ ದಿನ ನೀವಿಬ್ಬರೂ ವೇಣೂರಿನಲ್ಲಿ ನಿನ್ನ ಸೋದರಮಾವನ ಮನೆಯಲ್ಲಿದ್ದಿರಿ. ಬೋರ್ಡು ಉಳಿದದ್ದರಿಂದ ಹೇಳುವ ಅಗತ್ಯ ಕಾಣಲಿಲ್ಲ. ಅದರ ಬದಲಿಗೆ ಒಂದು ವೈಫೈ ಕಾರ್ಡು ಹಾಕಿದ್ದೆ. ಕ್ಯಾಬಿನೆಟ್ಟಿನ ಹಿಂದೆ, ಕೆಳಗಡೆ, ಎರಡು ಕರಿ ಕೊಂಬು ಕಾಣುತ್ತದೆ. ಅದೇ. ಆ ಕೊಂಬುಗಳನ್ನು ಧೂಳು ಒರೆಸುವಾಗ ತಿರುಗಿಸಿದ್ದರೆ ನೆಟ್ಟಗೆ ನಿಲ್ಲಿಸು.

ಮೊದಲು ಒಂದು ಸುಲಭದ ದಾರಿ. ನಿನ್ನ ಫೋನನ್ನು ಕೇಬಲಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸು, ಫೋನಿನ ನೆಟ್ಟನ್ನೇ ಅದಕ್ಕೆ ಕೊಡಲಿಕ್ಕಾಗುತ್ತದೆ. ನೆಟ್ ಸಿಕ್ಕಿದರೆ ಆ ಕಾರ್ಡಿಗೆ ಬೇಕಾದ್ದನ್ನು ಯಂತ್ರವೇ ತರಿಸಿಕೊಳ್ಳುತ್ತದೆ.

ಅದು ಆಗದಿದ್ದರೆ ಟರ್ಮಿನಲ್ ಎಂಬ ಕರಿ ಕಿಟಕಿ ತೆರೆದು, ಜೊತೆಗಿಟ್ಟ ಚೀಟಿಯಲ್ಲಿರುವ ಎರಡು ಆಜ್ಞೆಗಳನ್ನು ಒಂದಾದ ಮೇಲೆ ಒಂದು ಬರೆ. ಒಂದಕ್ಕೆ ಒಳಗಿರುವ ಭಾಗಗಳ ಹೆಸರೆಲ್ಲ ಬರುತ್ತದೆ, ಇನ್ನೊಂದಕ್ಕೆ ನೆಟ್ಟಿಗೆ ಹೋಗುವ ದಾರಿಗಳ ಹೆಸರು. ನೆಟ್‌ವರ್ಕ್ ಎಂಬ ಪದ ಇರುವ ಸಾಲನ್ನೂ ಅದರ ಕೆಳಗಿನ ಸಾಲುಗಳನ್ನೂ ಕಾಗದಕ್ಕೆ ಇಳಿಸಿ ಕಳುಹಿಸು. ಸಾಲಿನ ಕೊನೆಯ ಚೌಕದೊಳಗೆ ಅಂಕಿ ಅಕ್ಷರ ಸೇರಿದ ಒಂದು ಗುರುತು ಉಂಟು, ಅದು ಒಂದೂ ತಪ್ಪಬಾರದು. ಕಾರ್ಡಿನ ಮೇಲೆ ಅಚ್ಚಾದ ಹೆಸರನ್ನು ನಂಬಲಿಕ್ಕಾಗುವುದಿಲ್ಲ. ಒಂದೇ ಹೆಸರಿನಲ್ಲಿ ಮೂರು ಬಗೆಯ ಕಾರ್ಡು ಮಾರುತ್ತಾರೆ.

ಸಾತ್ವಿಕಾಳ ಕೆಮ್ಮು ಹೇಗುಂಟು? ಹೋದ ಸಲ ಬಂದಾಗ ರಾತ್ರಿಯಿಡೀ ಕೆಮ್ಮುತ್ತಿದ್ದಳು.

ಮನೀಷ್

* * *

ಬಂಟ್ವಾಳ
23 ನವೆಂಬರ್ 2025

ಮನೀಷ್ ಅವರಿಗೆ,

ಮನೆಗೆ ಸಿಡಿಲು ಬಡಿದದ್ದು ನಾಲ್ಕು ವರ್ಷದ ಮೇಲೆ ಕಾಗದದಲ್ಲಿ ತಿಳಿಯಿತು. ಇರಲಿ.

ಫೋನಿನ ದಾರಿ ಆಗಲಿಲ್ಲ. ಸಾತ್ವಿಕಾ ಅದನ್ನು ಒಮ್ಮೆ ನೀರಿಗೆ ಹಾಕಿದ ಮೇಲೆ ಅದರ ಬಾಯಿ ಚಾರ್ಜ್ ಮಾತ್ರ ತೆಗೆದುಕೊಳ್ಳುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ಬೇರೇನಿಲ್ಲ.

ಮೊದಲನೆಯ ಆಜ್ಞೆಗೆ ಬಂದ ಸಾಲುಗಳನ್ನು ಚೀಟಿಯ ಹಿಂದೆಯೇ ಬರೆದಿದ್ದೇನೆ. ನೆಟ್‌ವರ್ಕ್ ಎಂಬ ಪದ ಒಂದೇ ಕಡೆ ಇದೆ. ಚೌಕದೊಳಗಿನದ್ದನ್ನು ಮೂರು ಸಲ ತಾಳೆ ನೋಡಿದೆ. ಎಂಟು ಮತ್ತು ಬಿ ಅಕ್ಷರ ಒಂದೇ ಥರ ಕಾಣುವುದರಿಂದ ಬಿ ಇರುವಲ್ಲಿ ಅಡಿಗೆರೆ ಹಾಕಿದ್ದೇನೆ. ಉಳಿದ ಭಾಗಗಳ ಕೆಳಗೆಲ್ಲ 'ಬಳಕೆಯಲ್ಲಿರುವ ಡ್ರೈವರ್' ಎಂಬ ಒಂದು ಸಾಲು ಇದೆ, ಇದರ ಕೆಳಗೆ ಇಲ್ಲ. ಎರಡನೆಯ ಆಜ್ಞೆಗೆ ಎರಡಕ್ಷರದ ಒಂದೇ ಹೆಸರು ಬಂತು. ಅದೇನು?

ಡ್ರೈವರ್ ಎಂದರೆ ಏನೆಂದು ಒಮ್ಮೆ ಸರಿಯಾಗಿ ಹೇಳಿ. ಹದಿನಾರು ವರ್ಷ ನಿಮ್ಮ ಬಾಯಲ್ಲಿ ಆ ಪದ ಕೇಳಿದ್ದೇನೆ, ಅರ್ಥ ಕೇಳಿದ ದಿನ ನೀವು "ಅದು ಹೇಳಿದರೆ ಗೊತ್ತಾಗುದಿಲ್ಲ" ಎಂದಿರಿ. ಏಳನೆಯ ತರಗತಿಯವರಿಗೆ ಬೀಜಗಣಿತ ಹೇಳಿಕೊಡುವವಳು ನಾನು. ಗೊತ್ತಾಗುತ್ತದೆ.

ಇನ್ನೊಂದು. ನಿಮ್ಮ ಪತ್ರ ಓದುವಾಗ ಯಾರೋ ಅಪರಿಚಿತರದ್ದು ಎನಿಸಿತು. ಆಮೇಲೆ ಹೊಳೆಯಿತು, ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಜಗಳವೂ ತುಳುವಿನಲ್ಲಿ. ಕನ್ನಡದಲ್ಲಿ ಬರೆದಾಗ ಎಲ್ಲವೂ ಕಚೇರಿಯ ವಿಷಯದಂತೆ ಕಾಣುತ್ತದೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ.

ಕೆಮ್ಮು ಹೋಗಿದೆ.

ಶಶಿಪ್ರಭಾ

* * *

ಮೂಡುಬಿದಿರೆ
15 ಡಿಸೆಂಬರ್ 2025

ಶಶಿಪ್ರಭಾ,

ತಡವಾಯಿತು. ಪೆನ್‌ಡ್ರೈವ್ ಸಿದ್ಧ ಮಾಡಬೇಕಿತ್ತು, ಈ ಪತ್ರದ ಜೊತೆ ಉಂಟು.

ಡ್ರೈವರ್ ಎಂದರೆ ಹೀಗೆ. ಕಂಪ್ಯೂಟರಿನ ನಡುವೆ ಕರ್ನಲ್ ಎಂಬ ಒಂದು ತಂತ್ರಾಂಶ ಇರುತ್ತದೆ. ಎಲ್ಲ ಭಾಗಗಳಿಂದ ಕೆಲಸ ಮಾಡಿಸುವುದು ಅದೇ. ಆದರೆ ಪ್ರತಿಯೊಂದು ಕಾರ್ಡನ್ನು ಎಬ್ಬಿಸುವ ಕ್ರಮ ಬೇರೆ ಬೇರೆ. ಯಾವ ಜಾಗಕ್ಕೆ ಯಾವ ಸಂಖ್ಯೆ ಬರೆದರೆ ಅದು ಕಿವಿ ಕೊಡುತ್ತದೆ, ಯಾವಾಗ ಕಾಯಬೇಕು, ಎಲ್ಲಿಂದ ಓದಬೇಕು ಎಂಬ ಕ್ರಮ. ಆ ಕ್ರಮವನ್ನು ಬರೆದಿಟ್ಟ ಸಣ್ಣ ತಂತ್ರಾಂಶವೇ ಡ್ರೈವರ್. ಹೆಚ್ಚಿನವು ಲಿನಕ್ಸಿನ ಜೊತೆಗೇ ಬರುತ್ತವೆ. ನಿನ್ನ ಕಾರ್ಡಿನದ್ದು ಬರುವುದಿಲ್ಲ. ಕಾರ್ಡು ಇದೆ ಎಂದು ಕರ್ನಲ್‌ಗೆ ಗೊತ್ತು, ಗುರುತಿನ ಸಂಖ್ಯೆಯನ್ನೂ ಓದಿದೆ, ಮುಂದೆ ಏನು ಮಾಡಬೇಕೆಂದು ಗೊತ್ತಿಲ್ಲ. ಎರಡಕ್ಷರದ ಆ ಹೆಸರು ಯಂತ್ರ ತನ್ನೊಡನೆ ತಾನೇ ಮಾತಾಡುವ ದಾರಿ. ಅದು ಎಲ್ಲದರಲ್ಲೂ ಇರುತ್ತದೆ, ಹೊರಗಿನ ನೆಟ್ಟಿಗೆ ಪ್ರಯೋಜನ ಇಲ್ಲ.

ಇಷ್ಟನ್ನು ಅಂದೇ ಹೇಳಬಹುದಿತ್ತು.

ಆ ಕಾರ್ಡಿನ ಡ್ರೈವರನ್ನು ಯಾರೋ ಪುಣ್ಯಾತ್ಮರು ಬರೆದು ನೆಟ್ಟಿನಲ್ಲಿ ಇಟ್ಟಿದ್ದಾರೆ. ಅದನ್ನು ನಿನ್ನ ಯಂತ್ರದಲ್ಲೇ ಕಟ್ಟಬೇಕು. ಕಟ್ಟಲು ಬೇಕಾದ ಸಾಮಾನುಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ಹಾಕಿದ್ದೇನೆ. ಚೀಟಿಯಲ್ಲಿ ಬರೆದ ಸಾಲುಗಳನ್ನು ಅದೇ ಅನುಕ್ರಮದಲ್ಲಿ ಮಾಡು. ಪರದೆಯ ಮೇಲೆ ತುಂಬ ಬರಹ ಓಡುತ್ತದೆ. ಓಡಲಿ. ಕೊನೆಗೆ ಯಂತ್ರವನ್ನು ಮುಚ್ಚಿ ತೆರೆದರೆ ವೈಫೈ ಬರಬೇಕು.

ಮೊನ್ನೆ ಎರಡನೇ ಶನಿವಾರ ಸಾತ್ವಿಕಾ ಬಂದಿದ್ದಳು. ಊಟಕ್ಕೆ ಕುಳಿತಾಗ ಬಂಗುಡೆಯ ಮುಳ್ಳು ಬಿಡಿಸುತ್ತ, "ಅಮ್ಮ ಮಸ್ಕತ್ತಿಗೆ ಹೋಗುದು ನಿಮಗೆ ಗೊತ್ತುಂಟಲ್ಲ?" ಎಂದಳು. ಗೊತ್ತುಂಟು ಎಂದೆ. ತಾನು ಹೇಳಬಾರದ್ದನ್ನು ಹೇಳಿದೆ ಎಂದು ಅವಳಿಗೆ ಅನಿಸಬಾರದಲ್ಲ. ಅಲ್ಲಿಯ ಶಾಲೆಗೆ ಜನವರಿ ಹದಿನೆಂಟಕ್ಕೆ ನೀನು ಒಂದು ಪಾಠ ಮಾಡಿ ತೋರಿಸಬೇಕು, ಕಂಪ್ಯೂಟರ್ ಬೇಕಾದದ್ದು ಅದಕ್ಕೆ, ಪಾಸಾದರೆ ಇಬ್ಬರೂ ಹೋಗುವುದು ಎಂದೂ ಹೇಳಿದಳು. ನಾನು ಕೇಳಿದ್ದಲ್ಲ.

ಯಾವ ಕೆಲಸಕ್ಕಾದರೂ ಡ್ರೈವರ್ ಅದೇ. ಚೀಟಿ ನೋಡಿ ಮಾಡು.

ಮನೀಷ್

* * *

ಬಂಟ್ವಾಳ
4 ಜನವರಿ 2026

ಮನೀಷ್ ಅವರಿಗೆ,

ಚೀಟಿ ನೋಡಿ ಮಾಡಿದೆ. ಒಂದು ಅಕ್ಷರ ಆಚೀಚೆ ಮಾಡಲಿಲ್ಲ. ಮೂರನೆಯ ಸಾಲಿಗೆ ಹೊಂದಾಣಿಕೆ ಇಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂತು. 'ಹಾಗೆ ಬಂದರೂ ಮುಂದುವರಿಸು' ಎಂದು ಚೀಟಿಯಲ್ಲಿ ನಿಮ್ಮದೇ ಕೈಬರಹ ಇದೆ. ಮುಂದುವರಿಸಿದೆ. ಮುಚ್ಚಿ ತೆರೆದೆ. ಈಗ ಚಿತ್ರವೂ ಇಲ್ಲ, ಕನ್ನಡವೂ ಇಲ್ಲ. ಕರಿ ಪರದೆ, ಮೇಲೆ ಮೂಲೆಯಲ್ಲಿ ಮಿನುಗುವ ಒಂದು ಸಣ್ಣ ಗೆರೆ. ನವೆಂಬರಿನಲ್ಲಿ ನೆಟ್ ಒಂದು ಇರಲಿಲ್ಲ. ಈಗ ಏನೂ ಇಲ್ಲ.

ಮಸ್ಕತ್ತಿನ ವಿಷಯವನ್ನು ನಾನು ಮುಚ್ಚಿಟ್ಟದ್ದು ನಿಜ. ಶಾಲೆಯಲ್ಲಿ ತಿಳಿದರೆ ವರ್ಷದ ನಡುವೆ ಕೆಲಸ ಹೋದೀತು ಎಂದು ಉನೈಸ್ ಸರ್ ಅವರನ್ನು ಕರೆಯಲಿಲ್ಲ. ನಿಮಗೆ ಹೇಳದಿದ್ದುದು ಬೇರೆ ಕಾರಣಕ್ಕೆ. ನಿಮಗೆ ತಿಳಿದದ್ದು ಡಿಸೆಂಬರ್ ಹದಿಮೂರಕ್ಕೆ. ಪೆನ್‌ಡ್ರೈವ್ ಕಳುಹಿಸಿದ್ದು ಹದಿನೈದಕ್ಕೆ. ಅದಕ್ಕೆ ಮೊದಲು ಮೂರು ವಾರ ಸುಮ್ಮನಿದ್ದಿರಿ.

ನಾನು ಕೇಳುವುದು ಒಂದೇ. ಬೇಕೆಂದೇ ಮಾಡಿದಿರಾ?

ನೀವು ಹಾಗೆ ಮಾಡುವವರಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ನೀವು ಯಾವುದನ್ನು ಮಾಡುವವರು, ಯಾವುದನ್ನು ಮಾಡದವರು ಎಂದು ನೀವೇ ಯಾವತ್ತೂ ಹೇಳಿದ್ದಿಲ್ಲ. ಎಲ್ಲವನ್ನೂ ನಾನೇ ಊಹಿಸಿಕೊಂಡು ಬಂದೆ. ಪಾಠಕ್ಕೆ ಎರಡು ವಾರ ಉಳಿದಿದೆ. ಫೋನಿನಲ್ಲಿ ಮಾಡಲಿಕ್ಕಾಗುವುದಿಲ್ಲ, ಬರೆಯುವ ಡಿಜಿಟಲ್ ಹಲಗೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಚಿತ್ರ ಬಿಡಿಸಿ ತೋರಿಸಬೇಕು.

ಶಶಿಪ್ರಭಾ

* * *

ಮೂಡುಬಿದಿರೆ
6 ಜನವರಿ 2026

ಶಶಿಪ್ರಭಾ,

ಕ್ಯಾಬಿನೆಟ್ ಒಂದನ್ನೇ ಕಳುಹಿಸು, ಪರದೆ ಬೇಡ. ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಬರುವ ಬಸ್ಸಿನ ಕಂಡಕ್ಟರ್ ಧರ್ಣಪ್ಪನಿಗೆ ಹೇಳಿದ್ದೇನೆ. ಬೆಳಗ್ಗೆ ಬಿ.ಸಿ. ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಅವನ ಕೈಗೆ ಕೊಟ್ಟರೆ ಸಾಕು. ಹಳೆಯ ಕಂಬಳಿಯಲ್ಲಿ ಸುತ್ತು. ಮಲಗಿಸಿ ಇಡಲು ಹೇಳು.

ಆದದ್ದು ಇಷ್ಟು. ಪೆನ್‌ಡ್ರೈವಿನಲ್ಲಿ ನಾನು ಹಾಕಿದ ಸಾಮಾನೆಲ್ಲ ನನ್ನ ರಿಪೇರಿ ಅಂಗಡಿಯ ಯಂತ್ರದಲ್ಲಿರುವ ಲಿನಕ್ಸ್ ಆವೃತ್ತಿಯದ್ದು. ಉನೈಸ್ ಸರ್ ಕೊಟ್ಟದ್ದು ಅದಕ್ಕಿಂತ ಹಳೆಯದಿರಬೇಕು. ಪೆನ್‌ಡ್ರೈವಿನ ಹೊಸ ಕರ್ನಲ್ ಹಳೆಯ ಸಂಸಾರದ ಮೇಲೆ ಹೋಗಿ ಕುಳಿತಿತು, ಏಳಲಾಗಲಿಲ್ಲ. ಯಾವ ಆವೃತ್ತಿ ಎಂದು ನಾನು ಮೊದಲೇ ಕೇಳಬೇಕಿತ್ತು. ಅಂಗಡಿಗೆ ಯಾರು ಬಂದರೂ ನಾನು ಮೊದಲು ಕೇಳುವುದು ಅದನ್ನೇ. ನಿನ್ನನ್ನು ಕೇಳಲಿಲ್ಲ.

ಬೇಕೆಂದು ಮಾಡಿದ್ದಲ್ಲ ಎಂದು ಬರೆಯಲು ಕುಳಿತೆ. ಬರೆದ ಮೇಲೆ ಹರಿದು ಹಾಕಿದೆ. ಪೆನ್‌ಡ್ರೈವ್ ತುಂಬುವಾಗ ಮಸ್ಕತ್ತಿನದ್ದೇ ಯೋಚನೆ ತಲೆಯಲ್ಲಿತ್ತು. ಆವೃತ್ತಿ ಕೇಳಬೇಕೆಂದು ನೆನಪಾಗಲಿಲ್ಲವೋ, ನೆನಪಾಗುವುದು ನನಗೆ ಬೇಡವಾಗಿತ್ತೋ, ಎಷ್ಟು ಯೋಚಿಸಿದರೂ ನನಗೇ ನಿಶ್ಚಯವಿಲ್ಲ. ನಿಶ್ಚಯವಿಲ್ಲದ್ದನ್ನು ಇಲ್ಲ ಎಂದು ಬರೆಯಲು ಮನಸ್ಸು ಬರಲಿಲ್ಲ.

ಹದಿನೆಂಟರ ಒಳಗೆ ಯಂತ್ರ ನಿನ್ನ ಮೇಜಿನ ಮೇಲೆ ಇರುತ್ತದೆ. ಅದು ನಿಶ್ಚಯ.

ಮನೀಷ್

* * *

ಮೂಡುಬಿದಿರೆ
12 ಜನವರಿ 2026

ಶಶಿಪ್ರಭಾ,

ಯಂತ್ರ ಬರುತ್ತಿದೆ. ಈ ಪತ್ರವನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟಿದ್ದೇನೆ.

ಲಿನಕ್ಸನ್ನು ಮೊದಲಿನಿಂದ ಹೊಸತಾಗಿ ಹಾಕಿದೆ. ನಿನ್ನ ಪಾಠದ ಕಡತಗಳೆಲ್ಲ ಇದ್ದ ಹಾಗೆಯೇ ಉಂಟು, ತೆರೆದು ನೋಡಲಿಲ್ಲ. ಎರಡು ಕೊಂಬಿನ ಕಾರ್ಡನ್ನು ತೆಗೆದೆ. ಬೇರೊಂದು ಹಾಕಿದ್ದೇನೆ, ಒಂದು ಬ್ಯಾಂಕಿನವರು ಬಿಸಾಡಿದ ಯಂತ್ರದ್ದು. ಇದರ ಡ್ರೈವರ್ ಕರ್ನಲಿನ ಒಳಗೇ ಉಂಟು. ನೀನು ಏನನ್ನೂ ಕಟ್ಟಬೇಕಾಗಿಲ್ಲ, ಯಾವ ಚೀಟಿಯೂ ಬೇಡ. ತೆರೆದ ಕೂಡಲೇ ಮನೆಯ ವೈಫೈ ಹೆಸರು ಕಾಣುತ್ತದೆ. ಪಾಸ್‌ವರ್ಡ್ ಒಮ್ಮೆ ಕೊಟ್ಟರೆ ಸಾಕು. ಕ್ಯಾಮೆರಾ, ಮೈಕು, ಬರೆಯುವ ಹಲಗೆ ಮೂರನ್ನೂ ನಾನು ನೋಡಿದ್ದೇನೆ. ಹಲಗೆ ನನ್ನಲ್ಲಿ ಇರಲಿಲ್ಲ, ಇಲ್ಲಿಯ ಒಬ್ಬರಿಂದ ತಂದು ಸಿಕ್ಕಿಸಿ ಪರೀಕ್ಷಿಸಿದೆ.

ಹದಿನೆಂಟು ಭಾನುವಾರ, ಬಂಟ್ವಾಳದಲ್ಲಿ ಭಾನುವಾರ ಕರೆಂಟು ತೆಗೆಯುವುದುಂಟು. ಆದ್ದರಿಂದ ಜೊತೆಗೆ ಒಂದು ಯುಪಿಎಸ್ ಇಟ್ಟಿದ್ದೇನೆ. ಪಾಠ ಮುಗಿಯುವವರೆಗೆ ನಡೆಯುತ್ತದೆ. ಫೈಬರ್ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸು, ಇಲ್ಲದಿದ್ದರೆ ಕಂಪ್ಯೂಟರ್ ಉಳಿದು ನೆಟ್ ಹೋಗುತ್ತದೆ. ಭಾರ ಇದೆ, ನೀನು ಎತ್ತಬೇಡ. ಧರ್ಣಪ್ಪ ರಿಕ್ಷಾದವರೆಗೆ ತಂದು ಕೊಡುತ್ತಾನೆ.

ಪಾಠ ಚೆನ್ನಾಗಿ ಆಗಲಿ.

ಮನೀಷ್

* * *

ಬಂಟ್ವಾಳ
25 ಜನವರಿ 2026

ಮನೀಷ್ ಅವರಿಗೆ,

ಪಾಠ ಆಯಿತು. ಸಮರೂಪ ತ್ರಿಭುಜಗಳು. ಅಲ್ಲಿಂದ ಮೂವರು ಕುಳಿತು ನೋಡಿದರು. ಒಬ್ಬರು ಮಾತ್ರ ಪ್ರಶ್ನೆ ಕೇಳಿದರು. ನಡುವೆ ಕರೆಂಟು ಹೋಯಿತು, ಫ್ಯಾನು ನಿಂತಿತು, ಅವರಿಗೆ ತಿಳಿಯಲಿಲ್ಲ. ಗುರುವಾರ ಪತ್ರ ಬಂತು. ತೆಗೆದುಕೊಂಡಿದ್ದಾರೆ. ಮೇ ಮೊದಲ ವಾರ ಸೇರಬೇಕು.

ಎರಡು ಪ್ರಶ್ನೆಗಳಿವೆ.

ಒಂದು. ಸಾತ್ವಿಕಾಳನ್ನು ಕರೆದುಕೊಂಡು ಹೋಗಬೇಕಾದರೆ ತಂದೆಯ ಒಪ್ಪಿಗೆ ಬೇಕು. ವಕೀಲರು ಮಾಡಿಕೊಟ್ಟ ಕಾಗದ ಇದರ ಜೊತೆಗಿದೆ. ಓದಿ ನಿಮ್ಮ ತೀರ್ಮಾನ ತಿಳಿಸಿ. ಸಹಿ ಹಾಕಲೇಬೇಕು ಎಂದು ನಾನು ಬರೆಯುತ್ತಿಲ್ಲ. ಹಾಕದಿದ್ದರೆ ಏಕೆ ಎಂದು ಬರೆಯಿರಿ.

ಎರಡು. ಬ್ಯಾಂಕಿನವರು ಬಿಸಾಡಿದ ಆ ಕಾರ್ಡನ್ನು ನವೆಂಬರಿನಲ್ಲೇ ಕಳುಹಿಸಬಹುದಿತ್ತಲ್ಲ? ಯಂತ್ರ ಬಂದ ದಿನ ನೆಟ್ ಬರಲು ನನಗೆ ತಗಲಿದ್ದು ಪಾಸ್‌ವರ್ಡ್ ಒತ್ತುವಷ್ಟು ಹೊತ್ತು. ಆ ಕರಿ ಕಿಟಕಿ, ಆಜ್ಞೆ, ಚೌಕದೊಳಗಿನ ಗುರುತು, ಪೆನ್‌ಡ್ರೈವ್ ಇಷ್ಟೆಲ್ಲ ಏಕೆ ಬೇಕಾಯಿತು?

ಶಶಿಪ್ರಭಾ

* * *

ಬಂಟ್ವಾಳ
22 ಫೆಬ್ರವರಿ 2026

ಮನೀಷ್ ಅವರಿಗೆ,

ಉತ್ತರ ಬರಲಿಲ್ಲ. ಈ ಮೌನ ನನಗೆ ಹೊಸದಲ್ಲ. ಆದರೆ ಮಸ್ಕತ್ತಿನವರಿಗೆ ಹೊಸದು. ಅವರು ಕೇಳುತ್ತಿದ್ದಾರೆ.

ಶಶಿಪ್ರಭಾ

* * *

ಮೂಡುಬಿದಿರೆ
3 ಮಾರ್ಚ್ 2026

ಶಶಿಪ್ರಭಾ,

ಕಾಗದಕ್ಕೆ ಸಹಿ ಹಾಕಿದ್ದೇನೆ. ಸಾಕ್ಷಿಯ ಸಹಿಯೂ ಉಂಟು. ಷರತ್ತು ಏನೂ ಇಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಕಳುಹಿಸಬಹುದಿತ್ತು. ನಿನ್ನ ಮೊದಲ ಪತ್ರ ಓದುವಾಗಲೇ ಆ ಕಾರ್ಡು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಕಳುಹಿಸಿದ್ದರೆ ಒಂದೇ ಪತ್ರಕ್ಕೆ ಮುಗಿಯುತ್ತಿತ್ತು.

ಮನೀಷ್

* * *

ಬಂಟ್ವಾಳ
5 ಏಪ್ರಿಲ್ 2026

ಪ್ರೀತಿಯ ಅಪ್ಪನಿಗೆ,

ನೀವಿಬ್ಬರೂ ಬರೆಯುವುದನ್ನು ನೋಡಿ ನೋಡಿ ನನಗೂ ಬರೆಯುವ ಎನಿಸಿತು. ಕನ್ನಡ ಪರೀಕ್ಷೆಯ ಪತ್ರಲೇಖನದಲ್ಲಿ 'ಇಂತಿ ನಿಮ್ಮ ವಿಧೇಯ' ಎಂದು ಬರೆದು ಬಂದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯಿತು. ಗಣಿತ ಸುಲಭ ಇತ್ತು, ಹಾಗೆಂದು ಹೇಳಿದರೆ ಅಮ್ಮನಿಗೆ ಸಂಶಯ.

ಅಪ್ಪ, ನನಗೆ ಮಸ್ಕತ್ ಬೇಡ. ಅಲ್ಲಿ ಚೆನ್ನಾಗಿಲ್ಲ ಎಂದಲ್ಲ, ಫೋಟೋ ನೋಡಿದ್ದೇನೆ, ಸಮುದ್ರ ಉಂಟು, ಚೆನ್ನಾಗಿಯೇ ಉಂಟು. ನನಗೆ ಮೂಡುಬಿದಿರೆಯಲ್ಲಿ ಪಿಯುಸಿ ಮಾಡಬೇಕು. ನನ್ನ ಕ್ಲಾಸಿನ ಅರ್ಧ ಜನ ಅಲ್ಲಿಗೇ ಬರುವುದು, ಅವರೆಲ್ಲ ಹಾಸ್ಟೆಲ್. ನನಗೆ ಹಾಸ್ಟೆಲ್ ಬೇಡ, ನಿಮ್ಮ ಜೊತೆ ಇರುತ್ತೇನೆ. ಅಂಗಡಿಯ ಮೇಲಿನ ಹಿಂದಿನ ರೂಮಿನಲ್ಲಿರುವ ಸತ್ತ ಮಾನಿಟರುಗಳನ್ನು ಬೇರೆ ಕಡೆ ಇಟ್ಟರೆ ಒಂದು ಮಂಚ ಹಿಡಿಯುತ್ತದೆ. ಅಳತೆ ನೋಡಿದ್ದೇನೆ.

ಅಮ್ಮನಿಗೆ ಹೇಳಲು ಧೈರ್ಯ ಬರುವುದಿಲ್ಲ. ಹೇಳಿದರೆ ಅಮ್ಮ ಹೋಗುವುದನ್ನೇ ಬಿಡುತ್ತಾಳೋ ಎಂದು ಹೆದರಿಕೆ. ಅಮ್ಮ ಆ ಪಾಠಕ್ಕೆ ಎಷ್ಟು ತಯಾರಿ ಮಾಡಿದ್ದಾಳೆ ನಿಮಗೆ ಗೊತ್ತಿಲ್ಲ. ಕನ್ನಡಿಯ ಎದುರು ನಿಂತು ಮಾಡುತ್ತಿದ್ದಳು. ನೀವೇ ಬರೆಯಿರಿ. ನೀವು ಬರೆದರೆ ಅಮ್ಮ ಎರಡು ಸಲ ಓದುತ್ತಾಳೆ.

ಸಾತ್ವಿಕಾ

* * *

ಮೂಡುಬಿದಿರೆ
8 ಏಪ್ರಿಲ್ 2026

ಶಶಿಪ್ರಭಾ,

ಸಾತ್ವಿಕಾ ನನಗೆ ಬರೆದ ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ. ನಿನಗೆ ಬರೆಯಲು ಅವಳೇ ಹೇಳಿದ್ದರಿಂದ ತೋರಿಸುವುದು ತಪ್ಪಲ್ಲ ಎಂದು ಭಾವಿಸಿದೆ. ಮೊದಲು ಅದನ್ನು ಓದು.

ಇದನ್ನು ನಾನು ಅವಳಲ್ಲಿ ಕೇಳಿದ್ದಲ್ಲ, ಬರುವಾಗ ಹೋಗುವಾಗ ಸೂಚಿಸಿದ್ದೂ ಅಲ್ಲ. ಇಷ್ಟು ಬರೆದು ನಿಲ್ಲಿಸುವ ಎಂದಿದ್ದೆ. ನಿಲ್ಲಿಸಿದರೆ ಮತ್ತೆ ನೀನೇ ಊಹಿಸಬೇಕಾಗುತ್ತದೆ. ಆದ್ದರಿಂದ ಬರೆಯುತ್ತೇನೆ. ಅವಳು ಇಲ್ಲಿರಬೇಕೆಂದು ನನಗೆ ತುಂಬ ಆಸೆ ಉಂಟು. ಅವಳು ಬಂದು ಹೋದ ಮೇಲಿನ ಸೋಮವಾರ ನಾನು ಅಂಗಡಿ ತಡವಾಗಿ ತೆಗೆಯುತ್ತೇನೆ.

ನಿನ್ನ ಕೆಲಸ ಬಿಡಬೇಡ. ಅವಳು ಮಸ್ಕತ್ತಿಗೆ ಬರಬೇಕು ಎಂದು ನೀನು ತೀರ್ಮಾನಿಸಿದರೆ ಸಹಿ ಹಾಕಿದ ಕಾಗದ ನಿನ್ನ ಕೈಯಲ್ಲೇ ಉಂಟು. ಅದನ್ನು ನಾನು ಹಿಂದಕ್ಕೆ ಕೇಳುವುದಿಲ್ಲ. ಅವಳಿಗೂ ಹಾಗೆಯೇ ಹೇಳುತ್ತೇನೆ.

ಮಾನಿಟರುಗಳನ್ನು ಇನ್ನೂ ಕದಲಿಸಿಲ್ಲ.

ಮನೀಷ್

* * *

ಬಂಟ್ವಾಳ
26 ಏಪ್ರಿಲ್ 2026

ಮನೀಷ್ ಅವರಿಗೆ,

ಮಾನಿಟರುಗಳನ್ನು ಕದಲಿಸಿ.

ನಿಮ್ಮ ಪತ್ರ ಬಂದ ದಿನ ನಾನು ಅವಳ ಮೇಲೆ ಕೂಗಾಡಿದೆ. ಅವಳು ಬಾಗಿಲು ಹಾಕಿಕೊಂಡಳು, ಮರುದಿನ ಮಧ್ಯಾಹ್ನದವರೆಗೆ ಊಟ ಮಾಡಲಿಲ್ಲ. ವೇಣೂರಿನಿಂದ ಭೋಜ ಮಾವ ಬಂದು "ಮಗುವನ್ನು ಕರ್ಕೊಂಡೇ ಹೋಗು, ತಾಯಿ ಒಂದು ಕಡೆ ಮಗು ಒಂದು ಕಡೆ ಬೇಡ" ಎಂದರು. ನನಗೂ ಅದೇ ಸರಿ ಎನಿಸಿತ್ತು. ಮಾವ ಹೋದ ಮೇಲೆ ಅವಳ ಹತ್ತಿರ ಕುಳಿತು ಕೇಳಿದೆ. "ನಿಜ ಹೇಳು, ಅಪ್ಪ ಹೇಳಿಕೊಟ್ಟರಾ?"

"ಅಪ್ಪ ಏನೂ ಹೇಳುದಿಲ್ಲ ಅಮ್ಮ" ಎಂದಳು. "ಅದಕ್ಕೇ ಯಾರಾದ್ರೂ ಅಲ್ಲಿ ಬೇಕು."

ಆ ರಾತ್ರಿ ಅವಳ ಬಟ್ಟೆಗಳನ್ನು ನನ್ನ ಪೆಟ್ಟಿಗೆಯಿಂದ ತೆಗೆದು ಬೇರೆ ಇಟ್ಟೆ.

ಎರಡನೇ ತಾರೀಕಿಗೆ ನನ್ನ ವಿಮಾನ. ಒಂದನೇ ತಾರೀಕು ಮಧ್ಯಾಹ್ನ ಅವಳು ಬಸ್ಸಿನಲ್ಲಿ ಬರುತ್ತಾಳೆ. ನಾನು ಅಲ್ಲಿಗೆ ಬರುವುದಿಲ್ಲ, ಬಿ.ಸಿ. ರೋಡಿನಲ್ಲೇ ಹತ್ತಿಸುತ್ತೇನೆ. ಬಾಡಿಗೆ ಮನೆ ಬಿಟ್ಟಾಯಿತು, ಪಾತ್ರೆಗಳೆಲ್ಲ ವೇಣೂರಿಗೆ ಹೋದವು.

ಅವಳ ವಿಷಯ ಹೇಳುವುದಿದೆ. ಬೆಳಗ್ಗೆ ಎಬ್ಬಿಸಿದಾಗ ಎದ್ದೆ ಎನ್ನುತ್ತಾಳೆ, ಎದ್ದಿರುವುದಿಲ್ಲ. ಗಂಜಿ ಇಷ್ಟ, ಆದರೆ ಗೆಳತಿಯರ ಎದುರು ಇಷ್ಟವಿಲ್ಲ ಎನ್ನುತ್ತಾಳೆ. ಬೇಸರವಾದಾಗ ಏನಾಯಿತು ಎಂದು ಕೇಳಿದರೆ ಏನಿಲ್ಲ ಎನ್ನುತ್ತಾಳೆ. ಅಷ್ಟಕ್ಕೆ ಬಿಟ್ಟು ಎದ್ದು ಹೋಗಬೇಡಿ. ಮತ್ತೆ ಕೇಳುವುದೂ ಬೇಡ, ಅಲ್ಲೇ ಕುಳಿತಿರಿ. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೇಳುತ್ತಾಳೆ. ಇದನ್ನು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ನೀವು ಮಾತು ಕಡಿಮೆಯವರು, ನಿಮಗೆ ನನಗಿಂತ ಸುಲಭವಾದೀತು. ಭೌತಶಾಸ್ತ್ರದಲ್ಲಿ ಲೆಕ್ಕ ತಪ್ಪಿದರೆ ನೀವು ತಿದ್ದಲು ಹೋಗಬೇಡಿ, ನನಗೆ ಫೋಟೋ ಕಳುಹಿಸಲು ಹೇಳಿ.

ಮೇಡಂ ಹೇಳಿದ ವರ್ಷ ಜೂನಿಗೆ ಮುಗಿಯುತ್ತದೆ. ಆಮೇಲೆ ಫೋನ್ ಮಾಡಬಹುದು. ಅವಳಿಗೆ ನಾನು ದಿನಾ ಮಾಡುತ್ತೇನೆ. ನಿಮಗೆ ಮಾಡುವುದಿಲ್ಲ. ಫೋನಿನಲ್ಲಿ ನೀವು ಹೂಂ ಎನ್ನುತ್ತೀರಿ, ನನಗೆ ಸಿಟ್ಟು ಬರುತ್ತದೆ. ನೀವು ಬರೆಯಿರಿ.

ಅದೇ ತಿಂಗಳು ನಮ್ಮ ವಿಚ್ಛೇದನದ ಅರ್ಜಿ ಕೋರ್ಟಿನಲ್ಲಿ ಬರುವುದಿತ್ತು. ನಾನು ಇಲ್ಲಿರುವುದಿಲ್ಲ, ತಾರೀಕು ಮುಂದೆ ಹಾಕಿಸಿ ಎಂದು ವಕೀಲರಿಗೆ ಹೇಳಿದೆ. "ಎಷ್ಟು ಮುಂದೆ ಹಾಕುವ ಮೇಡಂ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಮ್ಮನ್ನೂ ಕೇಳಬಹುದು. ನಿಮಗೆ ತೋಚಿದ್ದನ್ನು ಹೇಳಿ.

ಮಸ್ಕತ್ತಿನ ವಿಳಾಸ ಈ ಹಾಳೆಯ ಹಿಂದೆ ಇದೆ.

ಶಶಿ